ಬಾವು ಸಣ್ಣದು, ಬೇನೆ ದೊಡ್ಡದು

ಸಿಂಧನೂರಿನಿಂದ ಸಿರುಗುಪ್ಪದ ಕಡೆಗೆ ಹೋಗುವ ರಸ್ತೆ ತುಂಗಭದ್ರೆಯನ್ನು ಮುಟ್ಟುವಲ್ಲಿ ದಢೇಸುಗೂರು ಎಂಬ ಊರಿದೆ. ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇರುವುದರಿಂದ ಹೊರಗಿನವರಿಗೂ ಅದರ ಹೆಸರು ಪರಿಚಿತ. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಈ ಭಾಗದ ಗದ್ದೆಗಳೆಲ್ಲ ಕೆಸರಾಗುತ್ತವೆ. ಊರವರು, ಕ್ಯಾಂಪಿನವರು, ಹೊರಗಿನಿಂದ ಬಂದ ಕೂಲಿಯವರು ಎನ್ನದೆ ಎಲ್ಲರೂ ಬರಿಗಾಲಲ್ಲಿ ಆ ಕೆಸರಿಗೆ ಇಳಿಯುತ್ತಾರೆ. ಭತ್ತದ ಎಲೆಯ ಮೇಲೆ ಒಂದು ಚುಕ್ಕೆ ಕಂಡರೆ ಅದು ಯಾವ ರೋಗ, ಎಷ್ಟು ದಿನದಲ್ಲಿ ಹರಡೀತು ಎಂದು ಹೇಳಬಲ್ಲ ವಿಜ್ಞಾನಿಗಳು ಅಲ್ಲೇ ಸಿಗುತ್ತಾರೆ. ಆ ಭತ್ತವನ್ನು ನಾಟಿ ಮಾಡಿದ ಹೆಂಗಸಿನ ಕಾಲು ಬಾತುಕೊಂಡರೆ ಅಷ್ಟೇ ನಿಖರವಾಗಿ ಹೇಳುವವರನ್ನು ಹುಡುಕಿಕೊಂಡು ಬಳ್ಳಾರಿಗೋ ರಾಯಚೂರಿಗೋ ಹೋಗಬೇಕು. ಸಿಂಧನೂರಿನಿಂದ ಬಳ್ಳಾರಿ ಸುಮಾರು 80 ಕಿಲೋಮೀಟರ್. ರಾಯಚೂರು ಅದಕ್ಕಿಂತಲೂ ದೂರ.

ಶಸ್ತ್ರಚಿಕಿತ್ಸಕನಾಗಿ ಈ ಸೀಮೆಯ ಕಾಲುಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಒಂದು ಕಾಲು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಐವತ್ತರ ಆಸುಪಾಸಿನ ಹೆಂಗಸು, ಮೈಯಲ್ಲಿ ಸಕ್ಕರೆ ಕಾಯಿಲೆ. ಬದುವಿನ ಮೇಲೆ ನಡೆಯುವಾಗ ಜಾಲಿಮುಳ್ಳು ಅಂಗಾಲಿಗೆ ನಟ್ಟಿತ್ತು. ಅದನ್ನು ಕಿತ್ತೆಸೆದು ಮತ್ತೆ ನಾಟಿಗಿಳಿದಿದ್ದಳು. ಮರುದಿನ ಪಾದ ತುಸು ಬಾತಿತು. ಊರಲ್ಲೇ ಸೂಜಿ ಮಾಡಿಸಿಕೊಂಡಳು. ಅದರ ಮರುದಿನ ಜ್ವರ ಬಂದಿದ್ದರಿಂದ ಒಂದು ಆಸ್ಪತ್ರೆಗೆ ಹೋದಳು. ಅಲ್ಲಿ ಮಾತ್ರೆ, ಗ್ಲೂಕೋಸು ಕೊಟ್ಟು ‘ಕಾಲಿಗೆ ನಂಜೇರಿದೆ, ಎರಡು ದಿನ ನೋಡೋಣ’ ಎಂದರು. ನನ್ನ ಬಳಿ ಬರುವ ಹೊತ್ತಿಗೆ ಮೊಣಕಾಲಿನ ಕೆಳಗೆ ನೀಲಿಗಟ್ಟಿದ ಗುಳ್ಳೆಗಳೆದ್ದಿದ್ದವು, ರಕ್ತದೊತ್ತಡ ಕುಸಿದಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಕೇಸ್ ಶೀಟು ಬರೆಯಲೆಂದು ಜೊತೆಗೆ ಬಂದಿದ್ದ ಮಗನನ್ನು ಕೇಳಿದಾಗ ಅವನು ಹೇಳಿದ: “ಮೊದಲನೇ ದಿನದಿಂದಲೂ ಅವ್ವ ಒಂದ ಮಾತು ಹೇಳತಿದ್ಳ್ರೀ ಸಾಹೇಬ್ರ. ಬಾವು ಸಣ್ಣದೈತಿ, ಬ್ಯಾನಿ ಭಾಳ ಐತಿ ಅಂತ.”

ವೈದ್ಯಕೀಯ ಪಠ್ಯಪುಸ್ತಕಗಳು ಈ ರೋಗದ ಅತ್ಯಂತ ಮುಖ್ಯ ಆರಂಭಿಕ ಲಕ್ಷಣವೆಂದು ಬರೆದಿರುವುದೂ ಇದೇ ಮಾತನ್ನೇ: ಕಣ್ಣಿಗೆ ಕಾಣುವ ಊತಕ್ಕೂ ರೋಗಿ ಹೇಳುವ ನೋವಿಗೂ ತಾಳೆಯಾಗದಿರುವುದು. ಆ ಹೆಂಗಸು ತನ್ನ ರೋಗವನ್ನು ತಾನೇ ಪತ್ತೆ ಮಾಡಿಕೊಂಡಿದ್ದಳು. ಅದು ನಮ್ಮ ಕಿವಿಗೆ ಬೀಳಲಿಲ್ಲ, ಅಷ್ಟೆ.

ರೋಗದ ಹೆಸರು ನೆಕ್ರೋಟೈಸಿಂಗ್ ಫ್ಯಾಸಿಯೈಟಿಸ್. 1952ರಲ್ಲಿ ಬಂದ ಈ ಹೆಸರು ನಾಲಿಗೆಗೆ ಕಷ್ಟವಾದರೂ ಸಂಗತಿ ಸರಳವಾಗಿದೆ. ಚರ್ಮದ ಕೆಳಗೆ ಕೊಬ್ಬಿನ ಪದರ, ಅದರ ಕೆಳಗೆ ಸ್ನಾಯುವನ್ನು ಸುತ್ತಿಕೊಂಡ ತೆಳುವಾದ ಗಟ್ಟಿ ಹೊದಿಕೆ ಇರುತ್ತದೆ. ಆ ಹೊದಿಕೆಯೇ ಫ್ಯಾಸಿಯಾ. ಸಾಧಾರಣ ನಂಜು ಮೇಲಿನ ಪದರಗಳಲ್ಲೇ ಉಳಿಯುತ್ತದೆ. ಅದನ್ನು ಸೆಲ್ಯುಲೈಟಿಸ್ ಎನ್ನುತ್ತೇವೆ, ಮಾತ್ರೆ ಇಂಜೆಕ್ಷನ್‌ಗಳಿಗೆ ಬಗ್ಗುತ್ತದೆ. ಆದರೆ ರೋಗಾಣು ಫ್ಯಾಸಿಯಾವನ್ನು ಹಿಡಿದರೆ, ರಕ್ತ ಸಂಚಾರ ಕಡಿಮೆಯಿರುವ ಆ ಪದರದ ಗುಂಟ ಗಂಟೆಗಂಟೆಗೂ ಹಬ್ಬುತ್ತದೆ. ಚರ್ಮಕ್ಕೆ ರಕ್ತ ಕೊಡುವ ಸಣ್ಣ ನಾಳಗಳು ಕೆಳಗಿನಿಂದಲೇ ಮುಚ್ಚಿಹೋಗುತ್ತವೆ. ಮೇಲೆ ಚರ್ಮ ಕೆಂಪಗಷ್ಟೇ ಕಾಣುವಾಗ ಒಳಗೆ ಅಂಗಾಂಶ ಸತ್ತಿರುತ್ತದೆ. ಗುಳ್ಳೆ, ಕಪ್ಪುಕಲೆ, ಒತ್ತಿದರೆ ಚರಚರ ಎನ್ನುವ ಗಾಳಿ ಇವೆಲ್ಲ ತಡವಾಗಿ ಬರುವ ಚಿಹ್ನೆಗಳು. ಅವು ಕಾಣುವವರೆಗೆ ಕಾಯುವುದೆಂದರೆ ಮನೆಗೆ ಬೆಂಕಿ ಬಿದ್ದಿದೆಯೇ ಎಂದು ತಿಳಿಯಲು ಮಾಡು ಕುಸಿಯುವುದನ್ನು ಕಾದಂತೆ. ಒಳ್ಳೆಯ ಆಸ್ಪತ್ರೆಗಳಲ್ಲೂ ಈ ರೋಗ ಬಂದವರಲ್ಲಿ ಐದಕ್ಕೊಬ್ಬರೋ ನಾಲ್ಕಕ್ಕೊಬ್ಬರೋ ಸಾಯುತ್ತಾರೆ. ಸತ್ತ ಭಾಗವನ್ನೆಲ್ಲ ಬೇಗ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ, ಔಷಧಿಗಳು ಅದಕ್ಕೆ ಒತ್ತಾಸೆ. ಬೇಗ ಎಂದರೆ ಇಲ್ಲಿ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ.

ಇದು ಅಪರೂಪದ ರೋಗ ನಿಜ. ಆದರೆ ಅದಕ್ಕೆ ಬೇಕಾದ ಎಲ್ಲವೂ ಈ ಸೀಮೆಯಲ್ಲಿ ಒಟ್ಟಿಗೇ ಸಿಗುತ್ತವೆ: ಬರಿಗಾಲು, ಕೆಸರು, ಮುಳ್ಳು, ಕುಡುಗೋಲಿನ ಗಾಯ, ಬೆರಳುಸಂದಿಯ ಕೊಳೆತ. ರಾಯಚೂರು ಜಿಲ್ಲೆ ಆನೆಕಾಲು ರೋಗದ ಪಟ್ಟಿಯಲ್ಲಿರುವ ಜಿಲ್ಲೆ. ಅಂಥ ಕಾಲುಗಳಿಗೆ ನಂಜು ಪದೇಪದೇ ಏರುತ್ತದೆ. ಹಾವು ಕಚ್ಚಿದ ಜಾಗವೂ ಕೊಳೆಯಬಹುದು. ಇವೆಲ್ಲದರ ಮೇಲೆ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿತು. ಅವರೆಲ್ಲ ಬೆಂಗಳೂರಿನ ಕುರ್ಚಿಗಳಲ್ಲಿ ಕುಳಿತವರೆಂದು ಭಾವಿಸಬೇಕಿಲ್ಲ. ಗದ್ದೆಯ ಮಣ್ಣಿನಿಂದ ಹತ್ತುವ ಮೆಲಿಯಾಯ್ಡೊಸಿಸ್ ಎಂಬ ಇನ್ನೊಂದು ಸೋಂಕನ್ನು ಕರಾವಳಿಯ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನವರು ಹುಡುಕತೊಡಗಿದ ಮೇಲೆಯೇ ಅದು ಉಡುಪಿ ಸೀಮೆಯ ಮಳೆಗಾಲದಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ, ಎಷ್ಟು ಸಾಮಾನ್ಯ ಎಂಬುದು ಬೆಳಕಿಗೆ ಬಂತು. ಹುಡುಕುವವರಿದ್ದ ಕಡೆ ರೋಗ ಕಾಣುತ್ತದೆ.

ಹಾಗಾದರೆ ಮೊದಲ ದಿನವೇ ಒಳಗಿನ ಸ್ಥಿತಿಯನ್ನು ನೋಡುವುದು ಹೇಗೆ? ಎಂ.ಆರ್.ಐ. ಚೆನ್ನಾಗಿ ತೋರಿಸುತ್ತದೆ, ಆದರೆ ಸಮಯ ತಿನ್ನುತ್ತದೆ. ಸಿ.ಟಿ. ಹೆಚ್ಚು ನಂಬಿಕೆಗೆ ಅರ್ಹ. ಆದರೆ ರಕ್ತದೊತ್ತಡ ಬಿದ್ದ ರೋಗಿಯನ್ನು ಅದಿರುವ ಊರಿಗೆ ಸಾಗಿಸಬೇಕು. ಉಳಿದದ್ದು ಅಲ್ಟ್ರಾಸೌಂಡ್. ನಮ್ಮ ಜನರ ಬಾಯಲ್ಲಿ ‘ಸ್ಕ್ಯಾನಿಂಗ್’ ಎಂದರೆ ಬಸಿರಿಗೆ ಸಂಬಂಧಿಸಿದ್ದು. ಕಾಲಿಗೂ ಸ್ಕ್ಯಾನಿಂಗ್ ಇದೆಯೆಂದರೆ ವಿದ್ಯಾವಂತರೂ ಹುಬ್ಬೇರಿಸುತ್ತಾರೆ. ಚರ್ಮಕ್ಕೆ ಹತ್ತಿರದ ಭಾಗಗಳನ್ನು ನೋಡಲು ಮಾಡಿದ ಪ್ರೋಬನ್ನು ಬಾತ ಜಾಗದ ಮೇಲಿಟ್ಟರೆ ಪದರ ಪದರವಾಗಿ ಎಲ್ಲವೂ ಕಾಣುತ್ತದೆ.

ಸೆಲ್ಯುಲೈಟಿಸ್ ಆಗಿದ್ದರೆ ಕೊಬ್ಬಿನ ಬಿಲ್ಲೆಗಳ ನಡುವೆ ನೀರು ನುಗ್ಗಿ ಕಪ್ಪು ಗೆರೆಗಳು ಮೂಡುತ್ತವೆ. ಇಂಗ್ಲಿಷಿನವರು ಅದನ್ನು ಕಲ್ಲುಹಾಸಿನ ಬೀದಿಗೆ ಹೋಲಿಸಿದ್ದಾರೆ. ನನಗಂತೂ ಅದು ಬೇಸಿಗೆಯಲ್ಲಿ ಬಿರುಕುಬಿಟ್ಟ ಎರೆಹೊಲದಂತೆ ಕಾಣುತ್ತದೆ. ನಮ್ಮ ಭಾಗದ ಕಿರಿಯ ವೈದ್ಯರಿಗೆ ಹಾಗೆ ಹೇಳಿಕೊಟ್ಟರೆ ಒಮ್ಮೆಗೇ ನಾಟುತ್ತದೆ. ಕೀವು ಗೂಡುಕಟ್ಟಿದ್ದರೆ ಕಪ್ಪನೆಯ ಮಡುವೊಂದು ಕಂಡು, ಒತ್ತಿದಾಗ ಒಳಗಿನದು ಕದಡುತ್ತದೆ. ಅದಕ್ಕೆ ಮಾತ್ರೆ ಸಾಲದು, ಕೊಯ್ದು ಕೀವು ಬಿಡಬೇಕು. ಭಯಪಡಬೇಕಾದ ಚಿತ್ರ ಬೇರೆ: ಫ್ಯಾಸಿಯಾ ದಪ್ಪವಾಗಿರುತ್ತದೆ, ಅದರ ಗುಂಟ ನೀರಿನ ಪಟ್ಟಿ ಹಾಸಿಕೊಂಡಿರುತ್ತದೆ, ಕೆಲವೊಮ್ಮೆ ಒಳಗೆ ಗಾಳಿಯ ಬಿಳಿ ಮಿನುಗು ಮತ್ತು ಅದರ ಹಿಂದೆ ಮಾಸಲು ನೆರಳು ಇರುತ್ತದೆ. ಇನ್ನೊಂದು ಕಾಲಿನ ಅದೇ ಜಾಗದ ಮೇಲೂ ಪ್ರೋಬಿಟ್ಟು ಹೋಲಿಸಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಇದಕ್ಕೆಲ್ಲ ಹಿಡಿಯುವುದು ಹತ್ತು ನಿಮಿಷಕ್ಕಿಂತ ಕಡಿಮೆ.

ತೈವಾನಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಈ ಕ್ಷೇತ್ರದವರೆಲ್ಲ ನೆನೆಯುತ್ತಾರೆ. ಈ ರೋಗವೆಂದು ಅನುಮಾನವಿದ್ದ 62 ಮಂದಿಗೆ ಅವರು ತುರ್ತು ವಿಭಾಗದಲ್ಲೇ ಅಲ್ಟ್ರಾಸೌಂಡ್ ಮಾಡಿದರು. ಫ್ಯಾಸಿಯಾದ ಗುಂಟ 4 ಮಿಲಿಮೀಟರಿಗಿಂತ ಹೆಚ್ಚು ನೀರು, ಜೊತೆಗೆ ಅಂಗಾಂಶದ ದಪ್ಪ ಇವು ಅವರ ಅಳತೆಗೋಲಾಗಿದ್ದವು. ಕೊನೆಗೆ ರೋಗ ಖಚಿತವಾದ 17 ಮಂದಿಯಲ್ಲಿ 15 ಮಂದಿಯನ್ನು ಯಂತ್ರ ಹಿಡಿದಿತ್ತು. ರೋಗವಿಲ್ಲದ 45ರಲ್ಲಿ 42 ಮಂದಿಗೆ ಇಲ್ಲವೆಂದೇ ಹೇಳಿತ್ತು. ನಾಲ್ಕು ವರ್ಷಗಳ ನಂತರ ಅಮೆರಿಕದ ಇನ್ನೊಂದು ಅಧ್ಯಯನ, ಸಾಧಾರಣ ಸೆಲ್ಯುಲೈಟಿಸ್ ಎಂದುಕೊಂಡಿದ್ದ 126 ರೋಗಿಗಳಲ್ಲಿ 71 ಮಂದಿಯ ಚಿಕಿತ್ಸೆಯ ದಾರಿಯನ್ನೇ ಅಲ್ಟ್ರಾಸೌಂಡ್ ಬದಲಿಸಿತೆಂದು ವರದಿ ಮಾಡಿತು. ಕೊಯ್ಯಬೇಕಾದವರನ್ನು ಕೊಯ್ಯುವಂತೆ, ಕೊಯ್ಯಬಾರದವರನ್ನು ಬಿಡುವಂತೆ ಮಾಡಿತು.

ಆದರೆ ಆ 17ರಲ್ಲಿ ತಪ್ಪಿಹೋದ ಇಬ್ಬರನ್ನು ನಾನು ಮರೆಯಲಾರೆ, ಓದುಗರೂ ಮರೆಯಬಾರದು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದು ರೋಗಿಯನ್ನು ಮನೆಗೆ ಕಳುಹಿಸಿದರೆ ಅದು ಸ್ಕ್ಯಾನ್ ಮಾಡದೇ ಇರುವುದಕ್ಕಿಂತಲೂ ಕೆಟ್ಟದ್ದು. ಆರಂಭದ ಹಂತದಲ್ಲಿ ಚಿತ್ರ ಮೋಸ ಮಾಡಬಲ್ಲದು. ಸ್ಥೂಲಕಾಯದವರಲ್ಲಿ, ನೀರು ತುಂಬಿದ ಕಾಲುಗಳಲ್ಲಿ, ಆನೆಕಾಲಿನಲ್ಲಿ ಪದರಗಳು ಕಲಸಿಹೋಗಿರುತ್ತವೆ. ಅನುಮಾನ ಗಟ್ಟಿಯಾಗಿದ್ದರೆ ಅಂತಿಮ ಉತ್ತರ ಇರುವುದು ಚಾಕುವಿನ ತುದಿಯಲ್ಲಿ: ಸಣ್ಣದಾಗಿ ಕೊಯ್ದು ಬೆರಳು ಹಾಕಿ ನೋಡುವುದು. ರೋಗವಿದ್ದರೆ ಅಕ್ಕಿ ತೊಳೆದ ನೀರಿನಂಥ ದ್ರವ ಬರುತ್ತದೆ, ಫ್ಯಾಸಿಯಾ ಬೆರಳಿಗೆ ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ. ಹಾಗಿದ್ದ ಮೇಲೆ ಯಂತ್ರದ ಕೆಲಸವೇನು? ‘ಎರಡು ದಿನ ನೋಡೋಣ’ ಎನ್ನುವ ಮಾತನ್ನು ‘ಈಗಲೇ ಕಳುಹಿಸೋಣ’ ಎಂದು ಬದಲಾಯಿಸುವುದು. ತಾಲ್ಲೂಕು ಮಟ್ಟದ ಯುವ ವೈದ್ಯನಿಗೆ ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸ್ ಕರೆಸಲು, ದೂರದ ಶಸ್ತ್ರಚಿಕಿತ್ಸಕನನ್ನು ಫೋನಿನಲ್ಲಿ ಎಬ್ಬಿಸಲು ಒಂದು ಆಧಾರ ಬೇಕು. ‘ನೋವು ಜಾಸ್ತಿ ಅಂತಾರೆ ಸರ್’ ಎಂದರೆ ಆ ಕಡೆಯವರು ಫೋನಿಡುತ್ತಾರೆ. ‘ಫ್ಯಾಸಿಯಾದ ಗುಂಟ ಐದು ಮಿಲಿಮೀಟರ್ ನೀರಿದೆ ಸರ್, ಚಿತ್ರ ಕಳುಹಿಸುತ್ತಿದ್ದೇನೆ’ ಎಂದರೆ ಶಸ್ತ್ರಕ್ರಿಯೆಯ ಕೋಣೆಯ ದೀಪ ಹೊತ್ತುತ್ತದೆ. ನಾನೂ ಹಾಗೆ ಫೋನಿಟ್ಟವನೇ ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಹೆಂಗಸು ಮೊದಲು ಹೋಗಿದ್ದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇರಲಿಲ್ಲವೇ? ಇತ್ತು, ಕೋಣೆಗೆ ಬೀಗ ಹಾಕಿತ್ತು. ಆ ದಿನ ಗರ್ಭಿಣಿಯರ ತಪಾಸಣೆಯ ದಿನವಾಗಿರಲಿಲ್ಲ, ಯಂತ್ರ ಮುಟ್ಟುವ ಅಧಿಕಾರವಿದ್ದ ವೈದ್ಯರು ಊರಲ್ಲಿರಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯ ಅದನ್ನು ಮುಟ್ಟಿದ್ದರೆ ಕಾನೂನಿನ ಕಣ್ಣಿಗೆ ಬೀಳುತ್ತಿದ್ದ.

ಆ ಕಾನೂನು ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗಪತ್ತೆಯನ್ನು ನಿಷೇಧಿಸಲು 1994ರಲ್ಲಿ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಅಲ್ಟ್ರಾಸೌಂಡ್ ಯಂತ್ರ ನೋಂದಣಿಯಾಗಿರಬೇಕು, ಬಳಸುವವರೂ ನೋಂದಾಯಿತರಾಗಿರಬೇಕು. ಕೈಯಲ್ಲಿ ಒಯ್ಯಬಲ್ಲ ಯಂತ್ರಗಳ ಮೇಲೆ 2012ರಲ್ಲಿ ಮತ್ತಷ್ಟು ನಿರ್ಬಂಧ ಬಂತು. ಎಂ.ಬಿ.ಬಿ.ಎಸ್. ವೈದ್ಯರಿಗೆ ಆರು ತಿಂಗಳ ತರಬೇತಿ ಕಡ್ಡಾಯವೆಂದು 2014ರ ನಿಯಮ ಹೇಳಿತು. ಅದನ್ನು 2016ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿದರೆ, 2018ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ನಿಯಮಗಳನ್ನು ಬರೆದವರ ಎದುರಿಗಿದ್ದದ್ದು ಗರ್ಭಕೋಶ ಮಾತ್ರ. ಕಾಲಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಅವರನ್ನು ದೂರುವಂತೆಯೂ ಇಲ್ಲ.

ಏಕೆಂದರೆ ಆ ಕಾನೂನು ಅನಗತ್ಯವಾಗಿ ಬಂದದ್ದಲ್ಲ. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅದು 946ಕ್ಕೆ ಇಳಿದಿತ್ತು. ಹಳೆಯ ಮಾತು ಎನ್ನುವಂತೆಯೂ ಇಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ನೋಡುತ್ತಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಕೂಸುಗಳ ಲೆಕ್ಕ ಮುಗಿಸುತ್ತಿದ್ದ ಸುದ್ದಿ ಓದಿದ ಮೇಲೆ, ‘ಎಲ್ಲ ವೈದ್ಯರಿಗೂ ಯಂತ್ರ ಕೊಟ್ಟುಬಿಡಿ’ ಎಂದು ಬರೆಯಲು ನನ್ನ ಲೇಖನಿ ಏಳುವುದಿಲ್ಲ. ವೈದ್ಯ ಸಂಘಟನೆಗಳು ಈ ಕಾನೂನನ್ನು ಬರೀ ಕಿರುಕುಳವೆಂದು ಬಣ್ಣಿಸುವಾಗ ನಮ್ಮ ವೃತ್ತಿಯವರದೇ ಪಾಪ ಎಷ್ಟಿದೆ ಎಂಬುದನ್ನು ನುಂಗಿಕೊಳ್ಳುತ್ತವೆ.

ಆದರೂ ನಡುದಾರಿ ಇದೆ. ಚರ್ಮದ ಕೆಳಗಿನ ಕೆಲವು ಸೆಂಟಿಮೀಟರ್ ಆಳವನ್ನು ನೋಡುವ ಲೀನಿಯರ್ ಪ್ರೋಬೇ ಬೇರೆ, ಹೊಟ್ಟೆಯಾಳಕ್ಕೆ ಇಳಿಯುವ ಪ್ರೋಬೇ ಬೇರೆ. ಮೊದಲನೆಯದರಿಂದ ಭ್ರೂಣದ ಲಿಂಗ ನೋಡುವುದು ಎಂದೂ ಅಸಾಧ್ಯವೆಂದು ಪ್ರಮಾಣ ಮಾಡಲಾರೆ. ಆದರೆ ಅದು ಆ ಕೆಲಸಕ್ಕೆ ತಕ್ಕ ಸಾಧನವಲ್ಲ. ಸರ್ಕಾರಿ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಒಂದೇ ಪ್ರೋಬಿರುವ ಯಂತ್ರವನ್ನು ಗೋಡೆಗೆ ಬಂಧಿಸಿಟ್ಟು, ಅದಕ್ಕಾಗಿ ಪ್ರತ್ಯೇಕ ವರ್ಗದ ನೋಂದಣಿ ಕೊಡಬಹುದು. ತೆಗೆದ ಪ್ರತಿ ಚಿತ್ರವೂ ಅಳಿಸಲಾಗದಂತೆ ಉಳಿಯಬೇಕು, ಜಿಲ್ಲಾ ಪ್ರಾಧಿಕಾರ ಬೇಕೆಂದಾಗ ತೆರೆದು ನೋಡುವಂತಿರಬೇಕು. ಇದು ಕಲ್ಪನೆಯ ಮಾತಲ್ಲ. ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯಲ್ಲಿ ಸ್ಕ್ಯಾನಿಂಗ್ ಯಂತ್ರಗಳಿಗೆ ‘ಮೌನ ವೀಕ್ಷಕ’ ಎಂಬ ದಾಖಲೆ ಉಪಕರಣವನ್ನು ಅಳವಡಿಸಲಾಗಿತ್ತು. ರೇಡಿಯಾಲಜಿಸ್ಟರ ಸಂಘ ಅದನ್ನು ಪ್ರಶ್ನಿಸಿದಾಗ ಬಾಂಬೆ ಹೈಕೋರ್ಟ್ 2011ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಅಂದು ವೈದ್ಯರು ವಿರೋಧಿಸಿದ ಆ ಕಾವಲನ್ನೇ ಇಂದು ನಾವಾಗಿ ಕೇಳಿಕೊಂಡರೆ, ಸರ್ಕಾರಕ್ಕೆ ನಿರಾಕರಿಸಲು ಕಾರಣ ಉಳಿಯುವುದಿಲ್ಲ.

ತರಬೇತಿಯ ವಿಷಯವೂ ಅಷ್ಟೇ. ಆರು ತಿಂಗಳ ಶಿಕ್ಷಣ ಬೇಕಾಗುವುದು ಇಡೀ ಹೊಟ್ಟೆ, ಇಡೀ ಗರ್ಭಿಣಿಯನ್ನು ನೋಡಬೇಕಾದವರಿಗೆ. ಬಾತ ಕಾಲಿನಲ್ಲಿ ಎರೆಹೊಲ ಯಾವುದು, ಮಡು ಯಾವುದು, ನೀರಿನ ಪಟ್ಟಿ ಯಾವುದು ಎಂದು ಗುರುತಿಸುವುದನ್ನು, ನನ್ನ ಅನುಭವದಲ್ಲಿ, ಕೆಲವು ದಿನಗಳ ಅಭ್ಯಾಸದಲ್ಲಿ ಕಲಿಸಬಹುದು. ರಾಯಚೂರು, ಬಳ್ಳಾರಿಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಇಂಥ ಕಾಲುಗಳು ಬರುತ್ತಲೇ ಇರುತ್ತವೆ. ಸುತ್ತಲಿನ ತಾಲ್ಲೂಕುಗಳ ವೈದ್ಯರನ್ನು ಸರದಿಯ ಮೇಲೆ ಕರೆಸಿಕೊಂಡು ಅಲ್ಲೇ ಕೈಹಿಡಿದು ಕಲಿಸಲು ಬೇಕಿರುವುದು ಒಂದು ಸುತ್ತೋಲೆ ಮಾತ್ರ. ಹಣದ ನೆಪ ಹೇಳುವಂತಿಲ್ಲ. 371(ಜೆ) ವಿಧಿಯ ಬಲದಿಂದ ನಡೆಯುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರುವುದೇ ಇಂಥ ಕೊರತೆ ತುಂಬಲು. ಕಟ್ಟಡಗಳ ಮೇಲಿನ ಅದರ ಪ್ರೀತಿ ಸ್ವಲ್ಪ ಉಪಕರಣಗಳ ಕಡೆಗೂ ಹರಿಯಲಿ. ನಿಯಮದ ತಿದ್ದುಪಡಿ ಮಾತ್ರ ದೆಹಲಿಯಲ್ಲಿ ಆಗಬೇಕಾದದ್ದು. ಅದಕ್ಕೆ ನಮ್ಮ ಆರೋಗ್ಯ ಇಲಾಖೆ ಒಂದು ಪ್ರಸ್ತಾವ ಬರೆಯಬೇಕು. ಈ ಭಾಗದ ಸಂಸದರು ಅದನ್ನು ಬೆನ್ನುಹತ್ತಬೇಕು. ತಿದ್ದುಪಡಿ ಬರುವವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ: ಈಗಾಗಲೇ ನೋಂದಣಿಯಾಗಿರುವ ಸ್ಕ್ಯಾನಿಂಗ್ ತಜ್ಞರ ಕೆಲಸದ ಪಟ್ಟಿಗೆ ‘ಬಾತ ಕಾಲು’ ಎಂಬ ಒಂದು ಸಾಲು ಸೇರಿಸಲು, ತುರ್ತು ಕರೆಗೆ ಅವರನ್ನು ಕರೆಸಲು, ಯಾವ ಕಾನೂನೂ ಅಡ್ಡಿಯಿಲ್ಲ.

ಇವೆಲ್ಲ ಆಗುವುದರೊಳಗೆ ಇನ್ನೆಷ್ಟೋ ನಾಟಿ ಮುಗಿದಿರುತ್ತವೆ. ಈ ಪತ್ರಿಕೆ ಓದುವ ಮನೆಗಳಿಂದ ಊರಿನ ಹೊಲಗಳಿಗೆ, ಅಲ್ಲಿ ದುಡಿಯುವವರಿಗೆ ಇನ್ನೂ ನಂಟಿದೆ ಎಂಬ ನಂಬಿಕೆಯಿಂದ ಯಂತ್ರವೇ ಬೇಕಿಲ್ಲದ ಒಂದು ಉಪಾಯ ಹೇಳುತ್ತೇನೆ. ಕಾಲು ಬಾತು ಕೆಂಪಾದಾಗ ಬಾಲ್ ಪೆನ್ನಿನಿಂದ ಆ ಕೆಂಪಿನ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ಒಂದೆರಡು ಗಂಟೆ ಬಿಟ್ಟು ನೋಡಿ. ಕೆಂಪು ಗೆರೆ ದಾಟಿದ್ದರೆ, ಅಥವಾ ಕೆಂಪು ದಾಟದಿದ್ದರೂ ನೋವು ಗೆರೆಯ ಆಚೆಗೆ ಹೋಗಿದ್ದರೆ, ಜ್ವರವೋ ಬಳಲಿಕೆಯೋ ತೊದಲುವಿಕೆಯೋ ಜೊತೆಗಿದ್ದರೆ, ಬೆಳಗಾಗಲೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯವರಾದರೆ ಗೆರೆಗಾಗಿಯೂ ಕಾಯುವುದು ಬೇಡ. ಹೊರಡುವ ಮುನ್ನ ಫೋನ್ ಮಾಡಿ, ಈ ಹೊತ್ತಿನಲ್ಲಿ ಶಸ್ತ್ರಚಿಕಿತ್ಸಕರು ಎಲ್ಲಿದ್ದಾರೆಂದು ವಿಚಾರಿಸಿಕೊಂಡು, ನೇರವಾಗಿ ಅಲ್ಲಿಗೇ ಗಾಡಿ ಬಿಡಿ. ವೈದ್ಯರು ಬಂದೊಡನೆ ಆ ಪೆನ್ನಿನ ಗೆರೆಯನ್ನು ತೋರಿಸಿ.